ಸಾಲಿನ ಅಂತರ, ಲೆಕ್ಕದ ಕಾಯಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಲ್ಲಿ ತೆಂಗಿನ ಸಸಿಯಿಂದ ಸಸಿಗೆ ಸುಮಾರು 30 ಅಡಿ ಬಿಡುತ್ತಾರೆ. ಒತ್ತಾಗಿ ನೆಟ್ಟರೆ ಗರಿಗೆ ಗರಿ ಸಿಕ್ಕಿ ಎರಡೂ ಮರ ಸೊರಗುತ್ತವೆ. ಕಾಯಿ ಎಣಿಸುವಾಗ ನೂರು ತುಂಬಿದ ಕೂಡಲೇ ಒಂದು ಕಾಯಿಯನ್ನು ಪಕ್ಕಕ್ಕಿಡುವ ರೂಢಿಯೂ ಇದೆ. ರಾಶಿ ಎಷ್ಟೇ ದೊಡ್ಡದಿದ್ದರೂ ಲೆಕ್ಕ ತಪ್ಪುವುದಿಲ್ಲ. ಹಾರ್ಡ್ ಡಿಸ್ಕಿನ ಬರವಣಿಗೆಗೂ ಇವೇ ಎರಡು ಕಟ್ಟುಪಾಡು. ಕೊಬ್ಬರಿಯ ಟೆಂಡರ್ ದರವೇ ಆಗಲಿ, ಡಿಸ್ಕಿಗೆ ಇಳಿಯುವ ಮುನ್ನ ಅದರ 0, 1ಗಳ ಸಾಲನ್ನು ಉದ್ದ ಮಾಡಿ ಬರೆಯಲಾಗುತ್ತದೆ. ಹೀಗೆ ಉದ್ದ ಮಾಡಿದ್ದರಿಂದಲೇ ಅದೇ ಡಿಸ್ಕಿನಲ್ಲಿ ಹೆಚ್ಚು ಮಾಹಿತಿ ಹಿಡಿಯಿತು ಎಂಬುದು ಇಲ್ಲಿನ ಸೋಜಿಗ.

ಡಿಸ್ಕಿನ ಮೇಲೆ 1 ಎಂದರೆ ಕಾಂತದ ದಿಕ್ಕು ತಿರುಗುವ ಮನೆ, 0 ಎಂದರೆ ತಿರುಗದ ಮನೆ. ಓದುವ ಹೆಡ್ಡಿಗೆ ಕಾಣುವುದು ತಿರುವು ಮಾತ್ರ. ಎರಡು ತಿರುವು ತೀರಾ ಹತ್ತಿರ ಬಂದರೆ ಒಂದರ ಸದ್ದನ್ನು ಇನ್ನೊಂದು ನುಂಗುತ್ತದೆ. ಬಹಳ ದೂರ ತಿರುವೇ ಬರದಿದ್ದರೆ ಮನೆಗಳನ್ನು ಎಣಿಸುವ ಗಡಿಯಾರ ಜಾರಿ, ದಾಟಿದ ಸೊನ್ನೆ ಇಪ್ಪತ್ತೋ ಇಪ್ಪತ್ತೊಂದೋ ತಿಳಿಯದು. ಐಬಿಎಂನ ಪೀಟರ್ ಫ್ರಾನಸ್ಜೆಕ್ ರೂಪಿಸಿ, 1979ರ ಐಬಿಎಂ 3370 ಡಿಸ್ಕಿನಲ್ಲಿ ಬಳಕೆಗೆ ಬಂದ 2,7 ಸಂಕೇತದಲ್ಲಿ ಎರಡು 1ರ ನಡುವೆ ಕನಿಷ್ಠ ಎರಡು, ಗರಿಷ್ಠ ಏಳು ಸೊನ್ನೆ ಇರಲೇಬೇಕು. 11 ಎಂಬುದು 1000 ಆಗುತ್ತದೆ, 000 ಎಂಬುದು 000100 ಆಗುತ್ತದೆ. ಅದಕ್ಕೂ ಹಿಂದಿನ ಎಂಎಫ್‌ಎಂ ಪದ್ಧತಿಯಲ್ಲೂ ಒಂದು ಬಿಟ್ಟಿಗೆ ಎರಡು ಮನೆ ಬೇಕಿತ್ತು, ಆದರೆ ತಿರುವುಗಳ ನಡುವೆ ಒಂದೇ ಸೊನ್ನೆಯ ಖಾತ್ರಿ. ಹಾಗಾಗಿ ತಿರುವಿನಿಂದ ತಿರುವಿಗೆ ಬಿಡಬೇಕಾದ ಅಷ್ಟೇ ಜಾಗದಲ್ಲಿ ಅಲ್ಲಿ ಎರಡು ಮನೆ ಕೂತರೆ ಇಲ್ಲಿ ಮೂರು. 1980ರ ದಶಕದ ಪಿಸಿ ಡಿಸ್ಕುಗಳಲ್ಲಿ ಒಂದು ಸುತ್ತಿಗೆ 17 ಸೆಕ್ಟರ್ ಇದ್ದದ್ದು 26 ಆದದ್ದು ಈ ಲೆಕ್ಕದಿಂದಲೇ.

ಒಂದು ಬಿಟ್ಟಿಗೆ ಎರಡು ಮನೆ ದುಂದಲ್ಲವೇ? ಈ ನಿಯಮಕ್ಕೆ ಕಟ್ಟುಬಿದ್ದರೆ ಮನೆಯೊಂದಕ್ಕೆ 0.517 ಬಿಟ್ಟಿಗಿಂತ ಹೆಚ್ಚು ತುಂಬಲಾಗದೆಂದು ಗಣಿತ ಹೇಳುತ್ತದೆ. ಈ ಸಂಕೇತ 0.5 ತುಂಬುತ್ತದೆ, ಉಳಿದದ್ದು ಅತ್ಯಲ್ಪ. ಮನೆ ಕಿರಿದಾದಷ್ಟೂ ತಿರುವಿನ ಹೊತ್ತನ್ನು ನಿಖರವಾಗಿ ಅಳೆಯಬೇಕು ಎಂಬ ತಕರಾರು ಮಾತ್ರ ನಿಜ, ಗಟ್ಟಿಯೂ ಹೌದು: ತಪ್ಪಿಗಿದ್ದ ಅವಕಾಶ ಮೂರನೇ ಎರಡಕ್ಕೆ ಇಳಿಯಿತು. ಎಂಎಫ್‌ಎಂಗೆಂದೇ ಮಾಡಿದ ಎಷ್ಟೋ ಡಿಸ್ಕುಗಳು ಅದನ್ನು ತಾಳಲಿಲ್ಲ. ಒಂದು ಮನೆ ತಪ್ಪಾಗಿ ಓದಿದರೆ ಇಡೀ ಸಾಲು ಕೆಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಕೆಡುಕು ನಾಲ್ಕು ಬಿಟ್ಟಿನೊಳಗೇ ನಿಲ್ಲುತ್ತದೆ, ಅದನ್ನು ತಿದ್ದಲು ಬೇರೆ ಸಂಕೇತವಿದೆ. 1990ರ ನಂತರ, ಒಂದರೊಳಗೊಂದು ಬೆರೆತ ತಿರುವುಗಳನ್ನೂ ಬಿಡಿಸಿ ಓದುವ ವಿಧಾನ ಬಂದ ಮೇಲೆ, ಸಾಲಿನ ಅಂತರದ ನಿಯಮ ಸಡಿಲವಾಯಿತು. ಸೊನ್ನೆಗಳ ಗರಿಷ್ಠ ಮಿತಿಯನ್ನು, ಅಂದರೆ ಲೆಕ್ಕದ ಕಾಯಿಯನ್ನು, ಆಗಲೂ ಬಿಡಲಾಗಲಿಲ್ಲ.