ಅರಸೀಕೆರೆಯಲ್ಲಿ ಕನ್ನಡ, ಬೇಲೂರಿನಲ್ಲಿ ಕಗ್ಗ!

ಪ್ರಶ್ನೆ: ಅರಸೀಕೆರೆಯ ಡಿಟಿಪಿ ಅಂಗಡಿಯಲ್ಲಿ ನುಡಿ ಫಾಂಟ್‌ನಲ್ಲಿ ಮಾಡಿಸಿದ ಆಹ್ವಾನ ಪತ್ರಿಕೆಯ ಫೈಲನ್ನು ಬೇಲೂರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ವಿಚಿತ್ರ ಚಿಹ್ನೆ. ಏಕೆ?
– ಓದುಗರೊಬ್ಬರು, ಹಳೇಬೀಡು

ಉತ್ತರ: ಫೈಲಿನಲ್ಲಿ ಇರುವುದು ಅಂಕಿಗಳು ಮಾತ್ರ. ಯಾವ ಅಂಕಿಗೆ ಯಾವ ಅಕ್ಷರ ಎಂದು ಹೇಳುವ ಪಟ್ಟಿಯೇ ಕೋಡ್ ಪೇಜ್. ನುಡಿಯ ಹಳೆಯ ಫಾಂಟ್‌ಗಳು ಇಂಗ್ಲಿಷ್ ಪಟ್ಟಿಯ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿವೆ. ‘ಕ’ ಮೂಡಲು ಎರಡು ಅಂಕಿ ಬೇಕು: 80 ಮತ್ತು 192. ಆ ಫಾಂಟ್ ಇಲ್ಲದ ಕಂಪ್ಯೂಟರ್ 80ಕ್ಕೆ ‘ಪಿ’ ಅಕ್ಷರವನ್ನೂ 192ಕ್ಕೆ ತಲೆಯ ಮೇಲೆ ಗೀಟಿರುವ ‘ಎ’ಯನ್ನೂ ತೋರಿಸುತ್ತದೆ. 437ನೇ ಕೋಡ್ ಪೇಜ್ ಬಳಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ 192 ಎಂದರೆ ಚೌಕದ ಮೂಲೆಗೆರೆ!

ಯೂನಿಕೋಡ್‌ನಲ್ಲಿ ‘ಕ’ಗೆ 3221 ಎಂಬ ಸ್ವಂತ ಸಂಖ್ಯೆಯಿದೆ, ಹೀಗಾಗಿ ಈ ಗೊಂದಲವಿಲ್ಲ.

ಮುದ್ರಣಕ್ಕಷ್ಟೇ ಆದರೆ ಫಾಂಟ್ ಅಡಕಗೊಳಿಸಿದ ಪಿಡಿಎಫ್ ಒಯ್ಯಿರಿ. ತಿದ್ದಬೇಕಿದ್ದರೆ ಅಲ್ಲೂ ಅದೇ ಫಾಂಟ್ ಹಾಕಿಸಿ, ಇಲ್ಲವೇ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ‘ಕರ್ನಾಟಕ’ದಂಥ ಪದಗಳನ್ನು ಕಣ್ಣಿಟ್ಟು ನೋಡಿ: ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ‘ನಾ’ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರವೇ ಮೊದಲು. ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.