9,000 ಲುಮೆನ್ಸ್, 4ಕೆ, ಬೆಲೆ ಬರೀ 8 ಸಾವಿರ: ಪ್ರೊಜೆಕ್ಟರ್ ಜಾಹೀರಾತು ಓದೋದು ಹೇಗೆ?

ಆನ್‌ಲೈನ್‌ನಲ್ಲಿ ‘ಹೋಮ್ ಪ್ರೊಜೆಕ್ಟರ್’ ಎಂದು ಹುಡುಕಿ ನೋಡಿ. ಹತ್ತು ಸಾವಿರದೊಳಗೆ ‘9,000 ಲುಮೆನ್ಸ್’, ‘4ಕೆ ಸಪೋರ್ಟ್’, ‘200 ಇಂಚಿನ ಪರದೆ’ ಅಂತ ಸಾಲು ಸಾಲು ಜಾಹೀರಾತು. ಥಿಯೇಟರಿಗೆ ಬಾರದ, ಓಟಿಟಿಯವರೂ ಕೊಳ್ಳದ ಸಾಕ್ಷ್ಯಚಿತ್ರಗಳನ್ನು ಹಾಸ್ಟೆಲ್ ರೂಮಲ್ಲೋ ಸಂಘಟನೆಯ ಕಚೇರಿಯಲ್ಲೋ ಕೂತು ನೋಡೋಣ ಅಂತ ಚಂದಾ ಎತ್ತಿ ಇಂಥದ್ದೊಂದನ್ನು ತರಿಸುವವರಿದ್ದಾರೆ. ಗೋಡೆಗೆ ಬೆಳಕು ಬಿಟ್ಟಾಗ ಮುಖಗಳೆಲ್ಲ ಮಸುಕು, ಸಬ್‌ಟೈಟಲ್ ಓದೋಕಾಗಲ್ಲ. ಯಂತ್ರ ಕೆಟ್ಟಿದೆ ಅಂದುಕೊಳ್ತೀವಿ. ಎಷ್ಟೋ ಸಲ ಯಂತ್ರ ಸರಿಯಾಗೇ ಇರುತ್ತೆ, ಪೆಟ್ಟಿಗೆ ಮೇಲಿನ ಅಂಕಿಯೇ ಮೋಸ.

ಲುಮೆನ್ ಬೆಳಕಿನ ಅಳತೆ. ಅದನ್ನು ಎಲ್ಲಿ ಅಳೆದರು ಅನ್ನೋದು ಮುಖ್ಯ. ‘ಎಎನ್‌ಎಸ್‌ಐ ಲುಮೆನ್’ ಎಂದರೆ ಪರದೆಯನ್ನು 9 ಭಾಗ ಮಾಡಿ, ಪ್ರತಿ ಭಾಗದ ಮೇಲೆ ಬಿದ್ದ ಬೆಳಕನ್ನು ಅಳೆದು, ಸರಾಸರಿಯನ್ನು ಪರದೆಯ ವಿಸ್ತೀರ್ಣದಿಂದ ಗುಣಿಸಿದ ಲೆಕ್ಕ. ಅಂದ್ರೆ ನಿಮ್ಮ ಗೋಡೆಗೆ ನಿಜವಾಗಿ ತಲುಪುವ ಬೆಳಕು. ‘ಐಎಸ್‌ಒ 21118’ ಅಂತಿದ್ದರೂ ನಂಬಬಹುದಾದ ಅಳತೆಯೇ. ಬರೀ ‘ಲುಮೆನ್ಸ್’ ಎಂದಿದ್ದರೆ ಅದು ಒಳಗಿನ ಎಲ್‌ಇಡಿ ದೀಪದ ಲೆಕ್ಕ ಇರಬಹುದು, ಯಾವ ಲೆಕ್ಕವೂ ಇಲ್ಲದ ಅಂಕಿಯೂ ಇರಬಹುದು. ಅಗ್ಗದ ಪ್ರೊಜೆಕ್ಟರ್‌ಗಳಲ್ಲಿ ದೀಪದ ಬೆಳಕಿನ ಬಹುಪಾಲು ಎಲ್‌ಸಿಡಿ ಫಲಕ ಮತ್ತು ಲೆನ್ಸ್ ದಾಟುವಷ್ಟರಲ್ಲೇ ಕಳೆದುಹೋಗುತ್ತದೆ.

ಒಂದು ಲೆಕ್ಕ ಹಾಕೋಣ. 100 ಇಂಚಿನ ಪರದೆಯ ವಿಸ್ತೀರ್ಣ ಸುಮಾರು 2.75 ಚದರ ಮೀಟರ್. 200 ಎಎನ್‌ಎಸ್‌ಐ ಲುಮೆನ್ ಅಲ್ಲಿ ಹರಡಿದರೆ ಚದರ ಮೀಟರಿಗೆ 73 ಲುಮೆನ್ ಸಿಗುತ್ತೆ. ಟ್ಯೂಬ್‌ಲೈಟ್ ಹಾಕಿದ ರೂಮಿನ ಗೋಡೆ ಮೇಲೆ ಅದಕ್ಕಿಂತ ಹೆಚ್ಚು ಬೆಳಕಿರಬಹುದು! ಅದೇ ಚಿತ್ರವನ್ನು 60 ಇಂಚಿಗೆ ಇಳಿಸಿದರೆ ವಿಸ್ತೀರ್ಣ 1 ಚದರ ಮೀಟರ್, ಬೆಳಕು ಹೆಚ್ಚೂಕಮ್ಮಿ ಮೂರು ಪಟ್ಟು. ‘200 ಇಂಚು’ ಅನ್ನೋದು ದುಡ್ಡು ಕೊಟ್ಟು ಕೊಳ್ಳಬೇಕಾದ ಗುಣವೇ ಅಲ್ಲ. ಯಾವ ಪ್ರೊಜೆಕ್ಟರನ್ನಾದರೂ ಹಿಂದಕ್ಕೆ ಸರಿಸಿದರೆ ಚಿತ್ರ ದೊಡ್ಡದಾಗುತ್ತೆ, ಮಂಕೂ ಆಗುತ್ತೆ.

ಇನ್ನು ‘4ಕೆ ಸಪೋರ್ಟ್’. 4ಕೆ ವಿಡಿಯೋ ಫೈಲನ್ನು ಈ ಯಂತ್ರ ಸ್ವೀಕರಿಸುತ್ತೆ ಅನ್ನೋದಷ್ಟೇ ಅದರ ಅರ್ಥ. ತೋರಿಸುವುದು ತನ್ನಲ್ಲಿರುವಷ್ಟೇ ಚುಕ್ಕಿಗಳಲ್ಲಿ. 4ಕೆ ಅಂದರೆ 3840×2160, ಹತ್ತಿರಹತ್ತಿರ 83 ಲಕ್ಷ ಪಿಕ್ಸೆಲ್. 1280×720 ಫಲಕದಲ್ಲಿರುವುದು 9.2 ಲಕ್ಷ ಮಾತ್ರ. ಹಾಗಾಗಿ ಹುಡುಕಬೇಕಾದ ಪದ ‘ನೇಟಿವ್ ರೆಸಲ್ಯೂಷನ್’. ಸಬ್‌ಟೈಟಲ್ ಓದಬೇಕಾದವರಿಗೆ 1920×1080 ಇದ್ದರೆ ಒಳ್ಳೆಯದು. ಡಿಜಿಟಲ್ ಕೀಸ್ಟೋನ್ ಬಳಸಿ ಓರೆಯಾದ ಚಿತ್ರವನ್ನು ನೇರ ಮಾಡಿದಾಗಲೂ ಒಂದಷ್ಟು ಪಿಕ್ಸೆಲ್ ವ್ಯರ್ಥವಾಗುತ್ತವೆ, ಆದಷ್ಟು ಗೋಡೆಗೆ ನೇರವಾಗಿಯೇ ಇಡಿ. ಕಾಂಟ್ರಾಸ್ಟ್ ಅಂಕಿಯನ್ನಂತೂ ಲೆಕ್ಕಕ್ಕೆ ತಗೊಳ್ಳಬೇಡಿ.

ಇದನ್ನೆಲ್ಲ ಗ್ರಾಹಕನೇ ಕಲಿತುಕೊಳ್ಳಬೇಕಾ? ಕಾನೂನು ಹಾಗೆ ಹೇಳುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸುಳ್ಳು ವಿವರಣೆ ಮಾತ್ರವಲ್ಲ, ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿತಪ್ಪಿಸುವ ಜಾಹೀರಾತೇ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 1915ಕ್ಕೆ ಕರೆ ಮಾಡಿ. ನಿಮ್ಮದೇ ಜಿಲ್ಲೆಯ ಗ್ರಾಹಕ ಆಯೋಗಕ್ಕೂ ಹೋಗಬಹುದು. 5 ಲಕ್ಷದೊಳಗಿನ ಖರೀದಿಗೆ ಶುಲ್ಕವಿಲ್ಲ.

ಆದರೆ ಆರ್ಡರ್ ಮಾಡುವ ಮೊದಲೇ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದೂರು ಹೋದ ಮೇಲೆ ಆ ಪುಟದಲ್ಲಿ ಅದೇ ಅಂಕಿ ಉಳಿದಿರುತ್ತೆ ಅನ್ನೋ ಖಾತ್ರಿ ಇಲ್ಲ.