ಗ್ಲಾಕೋಮಾ ರೋಗವೂ ದಾರಿಯ ಅರಿವೂ

ಸಿಂದಗಿ ತಾಲೂಕಿನ ಕನ್ನೊಳ್ಳಿಯಂತಹ ಊರುಗಳಲ್ಲಿ ಹೊಲದಿಂದ ಮರಳುವ ವೃದ್ಧನು ಗುಡಿಯ ಶಿಖರ, ಬೇವಿನ ಮರ, ಹೊಲದ ಬದು ಇವುಗಳನ್ನು ಗುರುತಾಗಿರಿಸಿಕೊಂಡು ನಡೆಯುವನು. ಅವನು ಎಡವತೊಡಗಿದರೆ ಮನೆಯವರು ಮುಪ್ಪನ್ನೋ ಮೋತಿಬಿಂದುವನ್ನೋ ಕಾರಣವೆಂದೆಣಿಸುವುದು ಸಹಜವು. ಗ್ಲಾಕೋಮಾ ಎಂಬ ಬೇರೊಂದು ರೋಗವೂ ಇದಕ್ಕೆ ಕಾರಣವಾಗಬಹುದೆಂಬುದು ಅನೇಕರಿಗೆ ಹೊಳೆಯದು.

ಈ ಎರಡರ ಭೇದವನ್ನು ಅರಿಯುವುದು ಅವಶ್ಯವು. ಮೋತಿಬಿಂದುವಿನಲ್ಲಿ ಕಣ್ಣಿನ ಮಸೂರವು ಮಬ್ಬಾಗುವುದು. ಶಸ್ತ್ರಕ್ರಿಯೆಯಿಂದ ದೃಷ್ಟಿಯು ಸಾಮಾನ್ಯವಾಗಿ ಮರಳುವುದು. ಅಖಂಡ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಈ ಉಪಕಾರವನ್ನು ಅಸಂಖ್ಯ ಜನರಿಗೆ ಮಾಡಿದರು. ಗ್ಲಾಕೋಮಾದಲ್ಲಾದರೋ ಕೆಡುವುದು ದೃಷ್ಟಿನಾಡಿಯು; ಒಮ್ಮೆ ಕಳೆದ ದೃಷ್ಟಿಯು ಮರಳಲಾರದು. ಸುಶ್ರುತನು ಹೇಳಿದ ಅಧಿಮಂಥವನ್ನು ಕೆಲವರು ಇದಕ್ಕೆ ಹೊಂದಿಸುವರಾದರೂ ಅದರಲ್ಲಿ ತೀವ್ರವೇದನೆಯುಂಟು. ಗ್ಲಾಕೋಮಾದ ಸಾಮಾನ್ಯ ಪ್ರಕಾರದಲ್ಲಿ ನೋವೇ ಇಲ್ಲ. ಮೊದಲು ಕುಂದುವುದು ಬಹುಮಟ್ಟಿಗೆ ಅಂಚಿನ ನೋಟ. ಆ ಲೋಪವನ್ನು ಮಿದುಳು ತಾನೇ ತುಂಬಿಕೊಳ್ಳುವುದರಿಂದ, ಎದುರಿನ ಅಕ್ಷರವನ್ನು ಓದಬಲ್ಲ ರೋಗಿಗೆ ತನ್ನ ಕೊರತೆಯೇ ತಿಳಿಯದು.

ದಾರಿಯ ಅರಿವು ಎರಡು ಬಗೆಯದು. ತನ್ನ ದೇಹವನ್ನು ಕೇಂದ್ರವಾಗಿರಿಸಿ ಎಡಬಲಗಳನ್ನು ಎಣಿಸುವುದು ಒಂದು. ದೂರದ ಗುರುತುಗಳ ಪರಸ್ಪರ ಸಂಬಂಧದಿಂದ ಮನಸ್ಸಿನಲ್ಲಿ ನಕ್ಷೆಯನ್ನು ರಚಿಸುವುದು ಇನ್ನೊಂದು. ಎರಡನೆಯದಕ್ಕೆ ವಿಶಾಲವಾದ ನೋಟವು ಸಹಾಯಕ. ಮಿದುಳಿನಲ್ಲಿ ಸ್ಥಳವನ್ನು ಗುರುತಿಸುವ ಕೋಶಗಳಿರುವುದನ್ನು ಜಾನ್ ಓಕೀಫ್‌ರು 1971ರಲ್ಲಿ ತಿಳಿಸಿದರು. 2014ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ದೊರೆಯಿತು.

ಮೆಡೀರೋಸ್ ಮೊದಲಾದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಯಂತ್ರವು ತೋರಿಸುವ ಕಲ್ಪಿತ ಕೋಣೆಗಳಲ್ಲಿ ರೋಗಿಗಳು ದಾರಿಯನ್ನು ಹುಡುಕಬೇಕಾಗಿತ್ತು. ಸುತ್ತಲಿನ ಗುರುತುಗಳನ್ನು ಅವಲಂಬಿಸಿದ ಪರೀಕ್ಷೆಯಲ್ಲಿ ಅವರಿಗೆ ಆರೋಗ್ಯವಂತರಿಗಿಂತ ಹೆಚ್ಚು ಕಾಲ ಹಿಡಿಯಿತು. ವರ್ಚುವಲ್ ರಿಯಾಲಿಟಿ ಎನಿಸಿಕೊಳ್ಳುವ ಈ ವಿಧಾನದ ವಿಶೇಷ ಪ್ರಯೋಜನವೊಂದುಂಟು. ಸ್ವಂತ ಊರಿನಲ್ಲಿ ಅಭ್ಯಾಸವೂ ಅಂಗಾಲಿನ ಸ್ಪರ್ಶವೂ ದನಿಗಳೂ ರೋಗವನ್ನು ಮರೆಮಾಡಬಲ್ಲವು. ಕಲ್ಪಿತ ಕೋಣೆಯಲ್ಲಿ ಅಭ್ಯಾಸದ ಆಸರೆಯಿಲ್ಲ, ಮತ್ತು ಎಲ್ಲರಿಗೂ ಒಂದೇ ದಾರಿಯನ್ನು ಒಡ್ಡಬಹುದು. ಆದರೆ ಕಾಲು ನಡೆಯದೆ ಕಣ್ಣು ಮಾತ್ರ ನಡೆಯುವಂತಹ ಪರೀಕ್ಷೆಯ ಫಲವನ್ನು ಹೊಲದ ದಾರಿಗೆ ಹಾಗೆಯೇ ಅನ್ವಯಿಸಲಾಗದು.

ಹನಿಮದ್ದು, ಲೇಸರ್ ಅಥವಾ ಶಸ್ತ್ರಕ್ರಿಯೆಯಿಂದ ಕಣ್ಣಿನ ಒತ್ತಡವನ್ನು ತಗ್ಗಿಸಿ ಉಳಿದ ದೃಷ್ಟಿಯನ್ನು ಬಹುಮಟ್ಟಿಗೆ ಕಾಪಾಡಬಹುದು. ಆದುದರಿಂದ ನಲವತ್ತು ದಾಟಿದವರೂ, ವಿಶೇಷವಾಗಿ ಮನೆತನದಲ್ಲಿ ಈ ರೋಗವುಳ್ಳವರೂ, ಎಡವುವ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳುವುದು ಯುಕ್ತವು. ಮೋತಿಬಿಂದುವು ಕಾಯಬಲ್ಲುದು, ಗ್ಲಾಕೋಮಾ ಕಾಯದು.